ಲಾ ಪಾಪ, ಎಲ್ ಪಾಪ, ಅಯ್ಯೋ ಪಾಪ

ಸ್ಪ್ಯಾನಿಷ್ ಬಹಳ ಸುಲಭ ಅಂತ ನಿಮ್ಮ ಮಗಳಿಗೆ ಯಾರು ಹೇಳಿದರೋ ಕಾಣೆ. ಪೂರ್ತಿ ಸುಳ್ಳೇನಲ್ಲ ಬಿಡಿ. ಬರೆಯೋದೊಂದು ಓದೋದೊಂದು ಅನ್ನುವ ಇಂಗ್ಲಿಷಿನ ಕಾಟ ಅಲ್ಲಿಲ್ಲ, ಬರೆದದ್ದನ್ನು ಹಾಗೇ ಓದಿಕೊಂಡು ಹೋಗಬಹುದು. ಆದರೆ ಆ ಭಾಷೆ ಎಡವಿಸುವುದು ಮಾರುದ್ದದ ಮಾತುಗಳಲ್ಲಲ್ಲ, ಎರಡಕ್ಷರದ ಪುಟಾಣಿ ಮಾತುಗಳಲ್ಲಿ. ಈ 'ಪಾಪ'ವನ್ನೇ ನೋಡಿ. ಅವಳ ಫೋನಿನೊಳಗಿನ ಪಾಠ ಒಂದು ದಿನ ಪಾಪ ಅಂದರೆ ಆಲೂಗಡ್ಡೆ ಅಂದಿತಂತೆ, ಇನ್ನೊಂದು ದಿನ ಪೋಪ್ ಅಂದಿತಂತೆ, ಆಮೇಲೆ ಅದನ್ನೇ ಒಂಚೂರು ರಾಗ ಬದಲಿಸಿ ಅಪ್ಪ ಅಂದಿತಂತೆ. ಹುಡುಗಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಳೆ ಅಂದಿರಲ್ಲ, ಕೂರಲಿ. ನಿಘಂಟು ತಿರುವುವ ಚಟ ಇರುವ ನನ್ನಂಥವಳಿಗೆ ಇಂಥ ಮಾತು ಸಿಕ್ಕಿದರೆ ಒಲೆ ಮೇಲಿನ ಹಾಲು ಉಕ್ಕಿದರೂ ತಿಳಿಯೋದಿಲ್ಲ.

ಮಯಾಮಿಯ ಅಂಗಿ ಕಥೆ ನೀವೂ ಕೇಳಿರುತ್ತೀರಿ. 1987ರ ಸೆಪ್ಟೆಂಬರಿನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅಲ್ಲಿಗೆ ಬಂದಿದ್ದರು. ಊರು ತುಂಬ ಕ್ಯೂಬಾದಿಂದ ಬಂದು ನೆಲೆಸಿದ, ಸ್ಪ್ಯಾನಿಷ್ ಆಡುವ ಜನ. ಯಾರೋ ಒಬ್ಬ ಪುಣ್ಯಾತ್ಮ 'ಪೋಪರನ್ನು ನೋಡಿದೆ' ಅಂತ ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಲು ಹೋಗಿ 'ಆಲೂಗಡ್ಡೆ ನೋಡಿದೆ' ಅಂತ ಹಾಕಿಸಿ ಮಾರಿದನಂತೆ. ವ್ಯಾಪಾರ ಕಲಿಸುವವರು ಈ ಕಥೆಯನ್ನು ಬಾಯಿ ತುಂಬ ಹೇಳುತ್ತಾರೆ. ಮಾರಿದವನ ಹೆಸರನ್ನಾಗಲಿ ತೊಟ್ಟವನ ಫೋಟೋವನ್ನಾಗಲಿ ತೋರಿಸಿ ಅಂದರೆ ಮಾತ್ರ ಮಾತು ಬದಲಿಸುತ್ತಾರೆ. ನನಗಂತೂ ಇದು ಹರಟೆಗೆ ಕೂತ ಜಾಣನೊಬ್ಬ ಹೊಸೆದದ್ದು ಅಂತಲೇ ಗುಮಾನಿ. ಆದರೂ ಹೊಸೆದವನಿಗೆ ವ್ಯಾಕರಣ ಚೆನ್ನಾಗಿ ಗೊತ್ತಿತ್ತು, ಅದನ್ನು ಒಪ್ಪಬೇಕು.

ಯಾಕೆ ಅಂದರೆ, ಆ ಒಂದು ಸಾಲಿನಲ್ಲಿ ಎರಡು ಗುಟ್ಟು ಇವೆ. ಒಂದು, ನಿಮ್ಮ ಮಗಳು ಮೊದಲ ದಿನವೇ ಕಲಿತದ್ದು: ಅಲ್ಲಿ ಎಲ್ಲ ವಸ್ತುವೂ ಒಂದೋ ಗಂಡು ಒಂದೋ ಹೆಣ್ಣು. ಪೋಪರು ಗಂಡು, ಆದ್ದರಿಂದ 'ಎಲ್ ಪಾಪ'. ಆಲೂಗಡ್ಡೆ ಹೆಣ್ಣು, ಆದ್ದರಿಂದ 'ಲಾ ಪಾಪ'. ಆಲೂಗಡ್ಡೆ ಯಾಕೆ ಹೆಣ್ಣು ಅಂತ ಕೇಳಬೇಡಿ, ಮೇಜು ಕೂಡ ಅಲ್ಲಿ ಹೆಣ್ಣೇ. ಎರಡನೆಯ ಗುಟ್ಟು ಇನ್ನೂ ಸೊಗಸು. ಮನುಷ್ಯರನ್ನು ನೋಡಿದರೆ ಹಿಂದೆ ಒಂದು 'ಆ' ಸೇರಿಸಬೇಕು, ವಸ್ತುವನ್ನು ನೋಡಿದರೆ ಬೇಕಿಲ್ಲ. ಆ 'ಆ'ಕ್ಕೆ 'ಎಲ್' ಸೇರಿದರೆ 'ಅಲ್': 'ವಿ ಅಲ್ ಪಾಪ' ಅಂದರೆ ಪೋಪರನ್ನು ನೋಡಿದೆ. 'ವಿ ಲಾ ಪಾಪ' ಅಂದರೆ ಆಲೂಗಡ್ಡೆ ನೋಡಿದೆ. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಈ 'ಆ' ತಲೆಗೆ ಹತ್ತೋದೇ ಇಲ್ಲ, ಪಾಪ. ನಮಗೇನು ಕಷ್ಟ ಹೇಳಿ? ನಾವು 'ಆಲೂಗಡ್ಡೆ ತಂದೆ' ಅಂತೀವಿ, 'ಆಲೂಗಡ್ಡೆಯನ್ನು ತಂದೆ' ಅಂದರೆ ಪಠ್ಯಪುಸ್ತಕ ಓದಿದ ಹಾಗಿರುತ್ತೆ. ಅದೇ ಅತ್ತೆಯನ್ನು ಕರೆದುಕೊಂಡು ಬಂದರೆ 'ಅತ್ತೆ ಕರೆತಂದೆ' ಅಂತ ಯಾರಾದರೂ ಅನ್ನುತ್ತಾರಾ? 'ಅತ್ತೆನ' ಅಂತ ಒಂದು ಬಾಲ ಹಚ್ಚಲೇಬೇಕು. ಜೀವ ಇರುವವರಿಗೆ ಬಾಲ, ಗೆಡ್ಡೆಗೆ ಬಾಲ ಇಲ್ಲ. ಸಾವಿರಾರು ಮೈಲಿ ಆಚೆಯ ಜನಕ್ಕೂ ನಮಗೂ ಈ ಒಂದು ಮರ್ಯಾದೆ ಹೇಗೆ ಒಂದೇ ಆಯಿತೋ, ಆಶ್ಚರ್ಯ ಅಲ್ವಾ?

ಅತ್ತೆ ಅಂದಾಗ ನೆನಪಾಯಿತು ನೋಡಿ. ಮದುವೆಯಾಗಿ ಮೈಸೂರಿನಿಂದ ಧಾರವಾಡಕ್ಕೆ ಹೋದ ಹೊಸತು. ನಮ್ಮತ್ತೆ ಅಡುಗೆಮನೆಯಿಂದಲೇ "ಬಟಾಟಿ ಹೆಚ್ಚಿಡವಾ" ಅಂತ ಕೂಗೋರು. ನಾನು "ಆಲೂಗಡ್ಡೇನಾ ಅತ್ತೆ?" ಅಂತ ಕೇಳಿದರೆ "ಆಲೂಗಡ್ಡಿ ಅರೆ ಅನ್ನು, ಏನರೆ ಅನ್ನು, ಮೊದಲ ಹೆಚ್ಚು" ಅನ್ನೋರು. ಒಂದೇ ಬುಟ್ಟಿ, ಒಂದೇ ಈಳಿಗೆ ಮಣೆ, ಹೆಸರು ಮಾತ್ರ ಎರಡು. ನಮ್ಮ ಕಡೆ ಹಳ್ಳಿಯವರು ಉರುಳಗಡ್ಡೆ ಅಂತಲೂ ಅನ್ನುತ್ತಿದ್ದರು, ಹಾಗೆ ಲೆಕ್ಕ ಹಾಕಿದರೆ ಮೂರು. ಆ ಬಟಾಟಿ ಎಲ್ಲಿಂದ ಬಂತು ಅಂತ ಆಗ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಗೋವಾದ ಪೋರ್ಚುಗೀಸರಿಂದ ಬಂದದ್ದು ಅಂತ ಗೊತ್ತಾದದ್ದು ಆಮೇಲೆ. ಪೋರ್ಚುಗೀಸರಿಗೆ ಇವತ್ತಿಗೂ ಆಲೂಗಡ್ಡೆ ಅಂದರೆ ಬಟಾಟವೇ. ಅದು ಕೊಂಕಣಿಗೆ ಬಂತು, ಮರಾಠಿಗೆ ಬಂತು, ಘಟ್ಟ ಹತ್ತಿ ಧಾರವಾಡದ ಸಂತೆಯಲ್ಲಿ ಕೂತುಬಿಟ್ಟಿತು.

ಆದರೆ ಪೋರ್ಚುಗೀಸರಿಗೂ ಅದು ಸ್ವಂತದ್ದಲ್ಲ. ಕೊಲಂಬಸ್ ಮೊದಲು ಕಾಲಿಟ್ಟ ಕೆರಿಬಿಯನ್ ದ್ವೀಪಗಳಲ್ಲಿ ತಾಯಿನೊ ಅನ್ನುವ ಜನ ಇದ್ದರಲ್ಲ, ಅವರ ಮಾತು ಅದು. ಅವರು ಬಟಾಟ ಅಂದದ್ದು ಗೆಣಸಿಗೆ! ಸಿಹಿಗೆಣಸಿನ ಹೆಸರು ಅದು, ಆಲೂಗಡ್ಡೆಯದ್ದಲ್ಲ. ಆಲೂಗಡ್ಡೆಯ ಮುಖವನ್ನು ಆ ದ್ವೀಪದವರು ನೋಡಿಯೇ ಇರಲಿಲ್ಲ. ಅದು ಬೆಳೆಯುತ್ತಿದ್ದದ್ದು ದೂರದ ಆಂಡೀಸ್ ಬೆಟ್ಟಗಳ ಮೇಲೆ. ಅಲ್ಲಿನ ಕೆಚುವಾ ಭಾಷೆಯವರು ಅದಕ್ಕೆ ಇಟ್ಟ ಹೆಸರೇ ಪಾಪ. ಸ್ಪೇನಿನವರು ಗೆಣಸನ್ನು ಮೊದಲು ಕಂಡರು, ಆಲೂಗಡ್ಡೆಯನ್ನು ಎಷ್ಟೋ ವರ್ಷದ ಮೇಲೆ ಕಂಡರು. ಎರಡೂ ನೆಲದೊಳಗಿನ ಗೆಡ್ಡೆ, ಎರಡೂ ಬೇಯಿಸಿದರೆ ಮೆತ್ತಗೆ. ಹೆಸರು ಕಲಸಿಹೋಯಿತು. ಬಟಾಟ ಮತ್ತು ಪಾಪ ಎರಡನ್ನೂ ಸೇರಿಸಿ ಹಿಚುಕಿದ್ದಕ್ಕೆ ಸ್ಪೇನಿನಲ್ಲಿ 'ಪತಾತ' ಹುಟ್ಟಿತು. ಇಂಗ್ಲಿಷರು ಗೆಣಸಿನ ಹೆಸರನ್ನೇ ಪೊಟಾಟೋ ಮಾಡಿಕೊಂಡರು. ನಮ್ಮತ್ತೆ ಧಾರವಾಡದಲ್ಲಿ ಕೂತು, ಕೆರಿಬಿಯನ್ನಿನ ಗೆಣಸಿನ ಹೆಸರು ಹಿಡಿದು ಆಂಡೀಸಿನ ಗೆಡ್ಡೆಯನ್ನು ಕರೆಯುತ್ತಿದ್ದರು. ಅವರಿಗೆ ಇದನ್ನು ಹೇಳಿದ್ದರೆ "ಪಲ್ಯಾ ತಳಾ ಹತ್ತಲಿಕತ್ತದ, ನೋಡು ಮೊದಲ" ಅನ್ನುತ್ತಿದ್ದರು, ಅಷ್ಟೇ.

ಇನ್ನೊಂದು ಹೆಸರೂ ಇತ್ತು ಅನ್ನಿ. 1537ರ ಸುಮಾರಿಗೆ ಈಗಿನ ಕೊಲಂಬಿಯದ ಬೆಟ್ಟಗಳಿಗೆ ನುಗ್ಗಿದ ಸ್ಪೇನಿನ ಸಿಪಾಯಿಗಳು ಈ ಗೆಡ್ಡೆಯನ್ನು ನೋಡಿ 'ತುರ್ಮ' ಅಂತ ಕರೆದರು. ನೆಲದೊಳಗೆ ಬೆಳೆಯುವ ಒಂದು ಜಾತಿಯ ಅಣಬೆಗೆ ಅವರ ಊರಿನಲ್ಲಿ ಹಾಗನ್ನುತ್ತಿದ್ದರು. ಆ ತುರ್ಮಕ್ಕೆ ಇನ್ನೊಂದು ಅರ್ಥವೂ ಉಂಟು, ಹೋರಿಗೆ ಸಂಬಂಧಪಟ್ಟದ್ದು. ಮಕ್ಕಳು ಅಲ್ಲೇ ಆಡುತ್ತಿದ್ದಾರೆ, ಬೇಡ ಬಿಡಿ.

ಸ್ಪೇನಿನವರು ಪಾಪವನ್ನು ಬಿಟ್ಟು ಪತಾತ ಅಂತ ಬದಲಾಯಿಸಿಕೊಂಡದ್ದು ಪೋಪರ ಮರ್ಯಾದೆ ಉಳಿಸಲಿಕ್ಕೆ ಅಂತ ಹೇಳುವವರೂ ಇದ್ದಾರೆ. ಮಣ್ಣು ಮೆತ್ತಿದ ಗೆಡ್ಡೆಗೂ ಜಗದ್ಗುರುಗಳಿಗೂ ಒಂದೇ ಹೆಸರಾದರೆ ಹೇಗೆ ಅಂತ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ದಕ್ಷಿಣ ಅಮೆರಿಕದ ಕ್ಯಾಥೊಲಿಕರು ಭಕ್ತಿಯಲ್ಲಿ ಏನು ಕಮ್ಮಿ? ಅವರು ಇಷ್ಟು ಶತಮಾನ ಬೆಳಿಗ್ಗೆ ಚರ್ಚಿನಲ್ಲಿ ಒಂದು ಪಾಪಕ್ಕಾಗಿ ಪ್ರಾರ್ಥಿಸಿ ಮಧ್ಯಾಹ್ನ ಇನ್ನೊಂದು ಪಾಪವನ್ನು ಬೇಯಿಸಿ ತಿಂದುಕೊಂಡು ಆರಾಮಾಗಿದ್ದಾರೆ. ಯಾರೂ ಪೋಪರಿಗೆ ಉಪ್ಪು ಹಾಕಲಿಲ್ಲ. ಗಲಿಬಿಲಿ ಇರೋದು ಕಲಿಯುವವರಿಗೆ ಮಾತ್ರ. ಆಡುವವರಿಗೆ ಯಾವತ್ತೂ ಇಲ್ಲ.

ಪೋಪರ ವಿಚಾರದಲ್ಲಿ ಒಂದು ಚೋದ್ಯ ಇದೆ. ಕೊಲಂಬಸ್ ಹೊರಟ 1492ರಲ್ಲೇ ಪೋಪ್ ಪದವಿಗೆ ಏರಿದವರು ಆರನೇ ಅಲೆಕ್ಸಾಂಡರ್, ಬೋರ್ಜಿಯ ಮನೆತನದವರು, ಹುಟ್ಟಿದ್ದು ಸ್ಪೇನಿನ ವಲೆನ್ಸಿಯ ಸೀಮೆಯಲ್ಲಿ. ಮಾರನೆಯ ವರ್ಷ, 1493ರಲ್ಲಿ, ಅಟ್ಲಾಂಟಿಕ್ ಮೇಲೆ ಒಂದು ಗೆರೆ ಎಳೆದು, ಅದರ ಪಡುವಣಕ್ಕೆ ಸಿಕ್ಕುವ ನೆಲವೆಲ್ಲ ಸ್ಪೇನಿನ ದೊರೆಗಳದ್ದು ಅಂತ ಫರ್ಮಾನು ಹೊರಡಿಸಿದರು. ಯಾರಪ್ಪನ ಆಸ್ತಿಯನ್ನು ಯಾರು ಯಾರಿಗೆ ಬರೆದುಕೊಟ್ಟರೋ! ಆ ಪತ್ರದ ಲೆಕ್ಕದಲ್ಲಿ ಆಂಡೀಸಿನ ಆಲೂಗಡ್ಡೆಯೂ ಬಂದೇ ಬಂತು. ಒಬ್ಬ ಪಾಪ, ಕಂಡೂ ಕೇಳಿಯೂ ಇಲ್ಲದ ಇನ್ನೊಂದು ಪಾಪವನ್ನು ಕೂತಲ್ಲೇ ದಾನ ಮಾಡಿದ ಹಾಗಾಯಿತು, ಅಲ್ವಾ?

ಯುರೋಪಿಗೆ ಆ ಗೆಡ್ಡೆ ಬಂದದ್ದಕ್ಕೆ ಸಿಕ್ಕಿರುವ ಹಳೇ ಬರಹಗಳಲ್ಲಿ ಕ್ಯಾನರಿ ದ್ವೀಪದ್ದು ಒಂದು. ಸ್ಪೇನಿಗೆ ಸೇರಿದ, ಆದರೆ ಆಫ್ರಿಕದ ಪಕ್ಕದಲ್ಲಿರುವ ದ್ವೀಪಗಳು ಅವು. 1567ರಲ್ಲಿ ಅಲ್ಲಿಂದ ಆಂಟ್‌ವರ್ಪಿಗೆ ಪೀಪಾಯಿಗಳಲ್ಲಿ ಆಲೂಗಡ್ಡೆ ಹಡಗು ಹತ್ತಿದ್ದಕ್ಕೆ ಕಾಗದವಿದೆ. ಅದಾಗಿ ಕೆಲವೇ ವರ್ಷಕ್ಕೆ ಸೆವಿಲ್ಯದ ಒಂದು ಆಸ್ಪತ್ರೆ ರೋಗಿಗಳ ಅಡುಗೆಗೆ ಆಲೂಗಡ್ಡೆ ಕೊಂಡ ಖರ್ಚಿನ ಲೆಕ್ಕವೂ ಸಿಕ್ಕಿದೆ. ಅದಿರಲಿ, ನನಗೆ ಕ್ಯಾನರಿಯವರ ಮೇಲೆ ಪ್ರೀತಿ ಬೇರೆ ಕಾರಣಕ್ಕೆ. ದೇಶದ ಬಹುಪಾಲು ಜನ ಪತಾತ ಅಂದರೂ ಅವರು ಪಾಪ ಬಿಟ್ಟಿಲ್ಲ. ಸುಕ್ಕು ಪಾಪ ಅಂತ ಅವರದೊಂದು ತಿನಿಸು: ಸಣ್ಣ ಸಣ್ಣ ಆಲೂಗಡ್ಡೆಯನ್ನು ಸಿಪ್ಪೆಸಮೇತ ಉಪ್ಪು ಸುರಿದ ನೀರಿನಲ್ಲಿ ಬೇಯಿಸಿ, ನೀರು ಬಸಿದು, ಪಾತ್ರೆಯಲ್ಲೇ ಒಣಗಿಸಿದರೆ ಸಿಪ್ಪೆ ಸುಕ್ಕುಗಟ್ಟಿ ಮೇಲೆ ಉಪ್ಪಿನ ಬಿಳಿ ಧೂಳು ಕೂರುತ್ತೆ. ಅದನ್ನು ಬೆಳ್ಳುಳ್ಳಿ ಮೆಣಸಿನಕಾಯಿ ಅರೆದ ಕೆಂಪು ಮೋಹೊದಲ್ಲಿ ಅದ್ದಿಕೊಂಡು ತಿನ್ನಬೇಕು. ಮೋಹೊ ಅಂದರೆ ಹತ್ತಿರ ಹತ್ತಿರ ನಮ್ಮ ಕೆಂಪು ಚಟ್ನಿ, ತೆಂಗಿನಕಾಯಿ ಬದಲು ಎಣ್ಣೆ ಮತ್ತು ವಿನೆಗರ್. ಹಾಸನದ ಆಲೂಗಡ್ಡೆ ಬಂದಾಗ ಚಿಕ್ಕವನ್ನೇ ಆರಿಸಿ ಮಾಡಿ ನೋಡಿ. ನಮ್ಮವರು ಉಪ್ಪು ಜಾಸ್ತಿ ಅಂತ ಗೊಣಗಿಕೊಂಡೇ ತಟ್ಟೆ ಖಾಲಿ ಮಾಡಿದರು.

ಆ ಕ್ಯಾನರಿಯವರು ಬಸ್ಸಿಗೆ ಏನಂತಾರೆ ಗೊತ್ತಾ? 'ಗ್ವಾಗ್ವಾ'. ಲಾಸ್ ಪಾಲ್ಮಾಸ್ ಊರಿನ ನಗರ ಸಾರಿಗೆಯ ಹೆಸರಿನಲ್ಲೇ ಗ್ವಾಗ್ವಾ ಇದೆ. ಕ್ಯೂಬಾದವರಿಗೂ ಪೋರ್ಟೊರಿಕೊದವರಿಗೂ ಬಸ್ಸು ಗ್ವಾಗ್ವಾವೇ. ಅದೇ ಚಿಲಿ, ಈಕ್ವೆಡಾರ್ ಕಡೆ ಹೋದರೆ ಗ್ವಾಗ್ವಾ ಅಂದರೆ ಎಳೇ ಕೂಸು! ಅದೂ ಕೆಚುವಾದ ಮಾತೇ. ಈಗ ಒಬ್ಬ ಕ್ಯೂಬಾದವನು ಚಿಲಿಯ ಹೆಂಗಸಿನ ಹತ್ತಿರ ಹೋಗಿ 'ಗ್ವಾಗ್ವಾ ತುಂಬಿ ತುಳುಕುತ್ತಿತ್ತು, ಅದಕ್ಕೇ ಬಿಟ್ಟುಬಂದೆ, ಹಿಂದೆ ಇನ್ನೊಂದು ಬರುತ್ತೆ' ಅಂದರೆ ಆಕೆ ಪೊಲೀಸರನ್ನು ಕರೆಯುತ್ತಾಳೋ ಡಾಕ್ಟರನ್ನು ಕರೆಯುತ್ತಾಳೋ. ಈಕ್ವೆಡಾರಿನ ಕಿತೊ ಊರಿನ ಪಕ್ಕದಲ್ಲಿ ಒಂದು ಜ್ವಾಲಾಮುಖಿಯ ಹೆಸರೇ ಗ್ವಾಗ್ವಾ ಪಿಚಿಂಚ. ಪಕ್ಕದ ಶಿಖರ ರುಕು, ಅಂದರೆ ಮುದುಕ. ಈ ಕೂಸು 1999ರಲ್ಲಿ ಹೊಗೆ ಬೂದಿ ಕಾರಿ ಊರನ್ನೆಲ್ಲ ಗಾಬರಿಪಡಿಸಿತು, ಮುದುಕ ಸುಮ್ಮನೆ ಕೂತಿದ್ದ.

ಎಲ್ಲಿದ್ದೆ? ಹಾಂ, ಪೋಪರು.

ಪೋಪ್ ಅನ್ನುವ ಅರ್ಥದ ಪಾಪವೂ ಅಪ್ಪ ಅನ್ನುವ ಅರ್ಥದ ಮಾತೂ ದಾಯಾದಿಗಳು. ಗ್ರೀಕ್ ಮಕ್ಕಳು ಅಪ್ಪನನ್ನು ಪಾಪ್ಪಸ್ ಅನ್ನುತ್ತಿದ್ದರು. ಅದು ಲ್ಯಾಟಿನ್ನಿಗೆ ಬಂದು ಬಿಷಪ್ಪರಿಗೆ ಗೌರವದ ಹೆಸರಾಯಿತು, ಕೊನೆಗೆ ರೋಮಿನವರೊಬ್ಬರಿಗೇ ಉಳಿಯಿತು. ಆಲೂಗಡ್ಡೆಗೆ ಈ ಮನೆತನದ ಜೊತೆ ನೆಂಟಸ್ತಿಕೆ ಇಲ್ಲ, ಅದು ಕೆಚುವಾದಿಂದ ಬಂದು ಸೇರಿಕೊಂಡ ಬಾಡಿಗೆದಾರ. ಈಗ ಮನೆಯ ಅಪ್ಪನಿಗೆ 'ಪಪಾ' ಅಂತಾರೆ, ಒತ್ತು ಕೊನೆಗೆ, ಬರೆಯುವಾಗ ಕೊನೇ ಅಕ್ಷರದ ತಲೆ ಮೇಲೆ ಒಂದು ಓರೆ ಗೆರೆ. ಹಿಂದೆ ಅಪ್ಪನೂ ಪಾಪವೇ ಆಗಿದ್ದ. ಹದಿನೆಂಟನೇ ಶತಮಾನದಲ್ಲಿ ಫ್ರೆಂಚರ ಗಾಳಿ ಬೀಸಿತು, ದೊಡ್ಡಮನೆಯವರು ಫ್ರೆಂಚರ ರಾಗದಲ್ಲಿ ಪಪಾ ಅನ್ನತೊಡಗಿದರು, ಉಳಿದವರು ಹಿಂದೆ ಹೋದರು. ನಮ್ಮ ಅಪ್ಪಯ್ಯಗಳೆಲ್ಲ ಡ್ಯಾಡಿ ಆಗಲಿಲ್ಲವೇ? ಆದರೆ ಸ್ಪೇನಿನ ದಕ್ಷಿಣದ ಹಳ್ಳಿಗಳಲ್ಲಿ ಈಗಲೂ 'ಮಿ ಪಾಪ' ಅಂತ ಹಳೇ ರಾಗದಲ್ಲೇ ಅಪ್ಪನನ್ನು ಕರೆಯುವವರಿದ್ದಾರೆ. ಅಲ್ಲೇ ಆಲೂಗಡ್ಡೆಗೂ ಪಾಪ ಅನ್ನುವ ರೂಢಿ ಉಂಟು. ಮೂರೂ ಒಂದೇ ಮನೆಯಲ್ಲಿ!

ಫೋನಿನಲ್ಲಿ ಟೈಪು ಮಾಡುವ ಹುಡುಗರು ಆ ಓರೆ ಗೆರೆಗೆ ಬೆರಳು ಸವೆಸುತ್ತಾರಾ? ಅಪ್ಪಂದಿರ ದಿನ ಬಂತು ಅಂದರೆ 'ಐ ಲವ್ ಯೂ ಆಲೂಗಡ್ಡೆ' ಅಂತ ಸಂದೇಶಗಳ ಸುರಿಮಳೆ. ಅಪ್ಪಂದಿರು ಪ್ರೀತಿಯಿಂದಲೇ ತೆಗೆದುಕೊಳ್ಳುತ್ತಾರೆ. ಬಹುವಚನ ಇನ್ನೂ ತಮಾಷೆ. 'ಲೋಸ್ ಪಾಪಾಸ್' ಪೋಪರುಗಳು, 'ಲಾಸ್ ಪಾಪಾಸ್' ಆಲೂಗಡ್ಡೆಗಳು, ಕೊನೆಗೆ ಒತ್ತು ಹಾಕಿ 'ಲೋಸ್ ಪಪಾಸ್' ಅಂದರೆ ಅಪ್ಪಂದಿರಷ್ಟೇ ಅಲ್ಲ, ಅಪ್ಪ ಅಮ್ಮ ಇಬ್ಬರೂ. ಅಮ್ಮ ಅಲ್ಲಿ ಎಲ್ಲಿ ಕಂಡಳು ಅಂತ ಕೇಳಿದರೆ ವ್ಯಾಕರಣದವರು ತಾರಸಿ ನೋಡುತ್ತಾರೆ.

ಮೊದಲಾದರೆ ಪೋಪರಿಗೆ ದೊಡ್ಡಕ್ಷರ ಹಾಕಿ ಗುರುತಿಸಬಹುದಿತ್ತು. 2010ರಲ್ಲಿ ಸ್ಪ್ಯಾನಿಷ್ ಅಕಾಡೆಮಿಯವರು ಬರವಣಿಗೆಯ ನಿಯಮಗಳ ಹೊಸ ಪುಸ್ತಕ ತಂದರು ನೋಡಿ, ಅದರಲ್ಲಿ ರಾಜ, ಮಂತ್ರಿ, ಪೋಪ್ ಯಾರೇ ಇರಲಿ, ಪದವಿಯ ಹೆಸರಿಗೆ ಚಿಕ್ಕಕ್ಷರವೇ ಸಾಕು ಅಂದುಬಿಟ್ಟರು. ಕಾಗದದ ಮೇಲೆ ಪೋಪರೂ ಆಲೂಗಡ್ಡೆಯೂ ಸರಿಸಮ. ಉಳಿದದ್ದು 'ಎಲ್' ಮತ್ತು 'ಲಾ'. ಹೆಣ್ಣು ಪೋಪ್ ಇದ್ದಿದ್ದರೆ ಅದೂ ಕೈಕೊಡುತ್ತಿತ್ತೇನೋ ಅಂದುಕೊಂಡಿರಾ? ಅದಕ್ಕೂ ದಾರಿ ಮಾಡಿಟ್ಟಿದ್ದಾರೆ. ಗಂಡುವೇಷ ಹಾಕಿ ಪೋಪ್ ಆದಳು ಅಂತ ಜನ ಕಟ್ಟಿದ ಕಥೆಯ ಜೋನ್‌ಳನ್ನು 'ಪಪೀಸ' ಅಂತಾರೆ.

ಇಷ್ಟೆಲ್ಲ ಹೇಳಿ ನಾವೇನೋ ನೆಟ್ಟಗಿದ್ದೀವಿ ಅನ್ನುವ ಹಾಗಿಲ್ಲ. ನಮ್ಮ ಪಾಪ ಏನು ಕಮ್ಮಿಯದೇ? ತೊಟ್ಟಿಲಲ್ಲಿ ಮಲಗಿದ್ದೂ ಪಾಪ, ಮಾಡಬಾರದ್ದನ್ನು ಮಾಡಿದರೂ ಪಾಪ, ಮಾಡಿ ಸಿಕ್ಕಿಬಿದ್ದವನನ್ನು ಕಂಡು ಅನ್ನೋದೂ 'ಪಾಪ'. 'ಪಾಪ, ಆ ಪಾಪ ಏನು ಪಾಪ ಮಾಡಿತ್ತು' ಅಂತ ನಮ್ಮಜ್ಜಿ ಒಂದೇ ಉಸಿರಿನಲ್ಲಿ ಅನ್ನೋರು, ಕೇಳಿದ ಯಾರೂ ನಿಘಂಟು ತೆಗೆಯಲಿಲ್ಲ. ಕನ್ನಡ ಕಲಿಯಲು ಬಂದ ಸ್ಪೇನಿನವನೊಬ್ಬ ನಮ್ಮ 'ಅಯ್ಯೋ ಪಾಪ'ವನ್ನು ಕೇಳಿಸಿಕೊಂಡ ಅಂತಿಟ್ಟುಕೊಳ್ಳಿ. ಅವನ ಭಾಷೆಯಲ್ಲಿ 'ಆಯ್' ಅಂದರೆ ಅಯ್ಯೋ, 'ಯೋ' ಅಂದರೆ ನಾನು. ಬಿದ್ದವನನ್ನು ಎತ್ತುತ್ತಾ ನಾವು ಕನಿಕರಪಟ್ಟರೆ, ಅವನ ಕಿವಿಗೆ ಅದು 'ಅಯ್ಯೋ, ನಾನು ಆಲೂಗಡ್ಡೆ' ಅಂತ ಬೀಳುತ್ತೆ. ಈ ಊರಿನವರಿಗೆ ಏನಾಗಿದೆಯಪ್ಪಾ ಅಂದುಕೊಳ್ಳುತ್ತಾನೆ.

'ಏನಾಗಿದೆಯಪ್ಪಾ' ಅಂದೆ ನೋಡಿ, ಅದೂ ಇದೇ ಸಂಸಾರದ್ದೇ. ನಾವು ಎರಡು ವರ್ಷದ ಪೋರನನ್ನು 'ಬಾರಪ್ಪಾ, ಊಟ ಮಾಡಪ್ಪಾ, ನಮ್ಮಪ್ಪ ಅಲ್ವಾ ನೀನು' ಅಂತ ಪುಸಲಾಯಿಸುತ್ತೀವಲ್ಲ, ದಕ್ಷಿಣ ಅಮೆರಿಕದ ಅಮ್ಮಂದಿರೂ ಥೇಟ್ ಹಾಗೇ. ಮಗನನ್ನು 'ಪಪೀ', 'ಪಪೀತೊ' ಅಂತಾರೆ, ಮಗಳನ್ನು 'ಮಮೀ' ಅಂತಾರೆ. ಹಾಗಂದರೆ ಪುಟ್ಟಪ್ಪ, ಪುಟ್ಟಮ್ಮ. ಇಂಗ್ಲಿಷ್ ಮಂದಿಗೆ ಇದು ಎಷ್ಟು ಬಿಡಿಸಿ ಹೇಳಿದರೂ ಅರ್ಥವಾಗೋದಿಲ್ಲ, ಹೆತ್ತ ತಾಯಿ ಮಗನನ್ನು ಅಪ್ಪ ಅನ್ನೋದಾ ಅಂತ ಹುಬ್ಬು ಏರಿಸುತ್ತಾರೆ. ನಿಮ್ಮ ಮಗಳಿಗೆ ಇದನ್ನು ಪಾಠ ಮಾಡುವ ಅಗತ್ಯವೇ ಇಲ್ಲ.

ಮತ್ತೆ ಆಲೂಗಡ್ಡೆಗೆ ಬರೋಣ. ಆಂಡೀಸ್ ಸೀಮೆಯ ಪೆರುವಿನವರಿಗೆ ಅದು ಅಂದರೆ ಪ್ರಾಣ. ಸಾವಿರಾರು ತಳಿ ಇವೆ ಅಲ್ಲಿ: ಹಳದಿ, ನೇರಳೆ, ಒಳಗೆ ಕೆಂಪು ಬಳೆ ಇರುವವು, ಬೆರಳಿನ ಉದ್ದಕ್ಕೆ ಇರುವವು. ಲಿಮಾದಲ್ಲಿ 1971ರಿಂದ ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರವೇ ಇದೆ. ಮೇ 30 ಅಲ್ಲಿ ರಾಷ್ಟ್ರೀಯ ಆಲೂಗಡ್ಡೆ ದಿನ, 2024ರಿಂದ ವಿಶ್ವಸಂಸ್ಥೆಯೂ ಅದೇ ತಾರೀಕನ್ನು ಎತ್ತಿಕೊಂಡಿತು. ತಳಿಗಳಿಗೆ ಅವರು ಇಟ್ಟಿರುವ ಹೆಸರುಗಳಲ್ಲಿ ನನಗೆ ಮೆಚ್ಚುಗೆಯಾದದ್ದು 'ಕಾಚುನ್ ವಕಾಚಿ'. ಹಾಗಂದರೆ ಕೆಚುವಾದಲ್ಲಿ 'ಸೊಸೆಯನ್ನು ಅಳಿಸುವುದು'! ಮೈಯೆಲ್ಲ ಗಂಟು, ಗುಳಿ, ಸಂದು. ಹೊಸದಾಗಿ ಬಂದ ಸೊಸೆಯ ಕೈಗೆ ಅದನ್ನು ಕೊಟ್ಟು ಸಿಪ್ಪೆ ತೆಗಿ ಅನ್ನುತ್ತಿದ್ದರಂತೆ ಅತ್ತೆಯರು. ತಿರುಳು ಹೋಗದ ಹಾಗೆ ಸಿಪ್ಪೆ ಮಾತ್ರ ತೆಳ್ಳಗೆ ಬಂದರೆ ಹುಡುಗಿ ಪಾಸು. ಧಾರವಾಡದ ಸಂತೆಗೆ ಆ ತಳಿ ಬರಲಿಲ್ಲ, ದೇವರು ದೊಡ್ಡವನು.

ಆಲೂಗಡ್ಡೆಯ ತವರು ಯಾವುದು ಅಂತ ಪೆರುವಿಗೂ ಚಿಲಿಗೂ ಜಟಾಪಟಿ ಬೇರೆ. 2008 ವಿಶ್ವಸಂಸ್ಥೆಯ ಆಲೂಗಡ್ಡೆ ವರ್ಷವಾಗಿತ್ತು. ಹಬ್ಬದ ಮನೆಯಲ್ಲೇ ಜಗಳ ತೆಗೆದ ಹಾಗೆ ಆ ವರ್ಷವೇ ಚಿಲಿಯ ಕೃಷಿ ಮಂತ್ರಿಣಿ, ಲೋಕದ ಆಲೂಗಡ್ಡೆಯಲ್ಲಿ ನೂರಕ್ಕೆ 99 ಪಾಲಿಗೆ ನಮ್ಮ ಚಿಲಿಯ ತಳಿಗಳ ನಂಟಿದೆ ಅಂದುಬಿಟ್ಟರು. ಪೆರುವಿನವರು ಕೆಂಡವಾದರು. 2005ರಲ್ಲೇ ವಿಜ್ಞಾನಿಗಳು ತಳಿಗಳ ಜಾತಕ ತೆಗೆದು, ದಕ್ಷಿಣ ಪೆರುವಿನಲ್ಲೇ ಮೊದಲು ಇದನ್ನು ಪಳಗಿಸಿದ್ದು ಅಂತ ಹೇಳಿದ್ದರು. ನಿಧಾನಕ್ಕೆ ಕೂತು ನೋಡಿದರೆ ಇಬ್ಬರ ಮಾತಿನಲ್ಲೂ ಸತ್ಯ ಇದೆ. ಹುಟ್ಟಿದ್ದು ಪೆರು ಕಡೆ, ಆಮೇಲೆ ಲೋಕ ಸುತ್ತಲು ಹೊರಟ ತಳಿಗಳಲ್ಲಿ ಚಿಲಿಯ ರಕ್ತ ಜಾಸ್ತಿ. ಆದರೆ ತವರಿನ ವಿಷಯದಲ್ಲಿ ನಿಧಾನಕ್ಕೆ ಕೂತು ನೋಡುವವರು ಯಾರಿದ್ದಾರೆ?

ಈಗಂತೂ ಪೆರುವಿನವರನ್ನು ಹಿಡಿಯುವಂತಿಲ್ಲ. 2025ರ ಮೇ 8ರಂದು ಹದಿನಾಲ್ಕನೇ ಲಿಯೋ ಪೋಪ್ ಆದರಲ್ಲ, ಹುಟ್ಟಿದ್ದು ಅಮೆರಿಕದ ಷಿಕಾಗೋ ಆದರೂ ಬಹಳ ವರ್ಷ ಇದ್ದದ್ದು ಪೆರುವಿನಲ್ಲಿ. ಚಿಕ್ಲಾಯೊ ಅನ್ನುವ ಊರಿನ ಬಿಷಪ್ಪರಾಗಿದ್ದರು, 2015ರಲ್ಲಿ ಅಲ್ಲಿನ ಪೌರತ್ವವನ್ನೂ ಪಡೆದಿದ್ದರು. ಆರಿಸಿಬಂದ ದಿನ ಉಪ್ಪರಿಗೆಯಿಂದ ಮಾತಾಡುವಾಗ ನಡುವೆ ಸ್ಪ್ಯಾನಿಷಿಗೆ ತಿರುಗಿ ಚಿಕ್ಲಾಯೊದ ಜನಕ್ಕೆ ನಮಸ್ಕಾರ ಹೇಳಿದರು. ಸಾಕಲ್ಲ! ಲಾ ಪಾಪ ನಮ್ಮದೇ, ಈಗ ಎಲ್ ಪಾಪ ಕೂಡ ನಮ್ಮದೇ ಅಂತ ಪೆರುವಿನ ಬಾಯಲ್ಲೆಲ್ಲ ಒಂದೇ ಚಟಾಕಿ. ಈ ಮಾತು ಎರಡು ಅರ್ಥ ಹೊತ್ತುಕೊಂಡು ಇಷ್ಟು ಶತಮಾನ ತಿರುಗಿದ್ದು ಈ ಒಂದು ದಿನಕ್ಕೇ ಇರಬೇಕು. ಹಿಂದಿನ ಫ್ರಾನ್ಸಿಸ್ ಅರ್ಜೆಂಟೀನಾದವರು. ಅಲ್ಲಿ 'ಇದೊಂದು ಪಾಪ' ಅಂದರೆ ಸುಲಭದ ಕೆಲಸ, ನಮ್ಮವರು ಬಾಳೆಹಣ್ಣು ಸುಲಿದಷ್ಟು ಸುಲಭ ಅನ್ನುವಂತೆ. ಪೋಪ್ ಕೆಲಸ ಸುಲಭದ್ದೇನಲ್ಲ ಅಂತ ಅವರೇ ಹೇಳಬೇಕಿತ್ತು.

ಅಂದಹಾಗೆ, ಬಿಸಿ ಪಾಪ ಅಂದರೆ ಯಾರೂ ಕೈಯಲ್ಲಿ ಹಿಡಿಯಲು ಒಪ್ಪದ ತಾಪತ್ರಯ. 'ನಿ ಪಾಪ' ಅಂದರೆ ಏನೇನೂ ಗೊತ್ತಿಲ್ಲ ಅಂತ, ನಿಮ್ಮ ಮಗಳು ಮೊದಲು ಕಲಿಯಬೇಕಾದ ಮಾತು ಇದೇ. ಪಾಪ ಸಂಪಾದಿಸುವುದು ಅಂದರೆ ಹೊಟ್ಟೆಪಾಡು. ನಮ್ಮಲ್ಲಿ ಪಾಪ ಸಂಪಾದಿಸಿದವರನ್ನು ಊರು ಬೇರೆ ತರಹ ನೋಡುತ್ತೆ, ಅಲ್ವಾ? ಚಿಲಿಯಲ್ಲಿ ಕೂಸು ಪಾಪ ಕುಡಿಯುತ್ತೆ, ಅಂದರೆ ತಾಯಿಯ ಹಾಲು. ಹವಾನಾದ ಒಂದು ಬಾರಿನಲ್ಲಿ 'ಪಾಪ ದೋಬ್ಲೆ' ಅಂತ ರಮ್ಮಿನ ಪಾನಕ ಸಿಗುತ್ತೆ. ಲೇಖಕ ಹೆಮಿಂಗ್ವೇ ಅಲ್ಲಿ ಕೂತು ಕುಡಿಯುತ್ತಿದ್ದ, ಸ್ನೇಹಿತರು ಅವನನ್ನು ಪಾಪ ಅಂತ ಕರೆಯುತ್ತಿದ್ದರು, ಅವನಿಗೆ ರಮ್ಮು ದುಪ್ಪಟ್ಟು ಬೇಕಿತ್ತು, ಅದಕ್ಕೇ ಆ ಹೆಸರು. ಕಥೆ ತಿಳಿಯದವರು ಮೆನು ಕಾರ್ಡ್ ಓದಿದರೆ ಡಬಲ್ ಆಲೂಗಡ್ಡೆ.

ಕಾಲುಚೀಲದಲ್ಲಿ ತೂತು ಬಿದ್ದು ಹಿಮ್ಮಡಿ ದುಂಡಗೆ ಇಣುಕುತ್ತೆ ನೋಡಿ, ಅರ್ಜೆಂಟೀನಾ ಕಡೆ ಅದಕ್ಕೂ ಪಾಪ ಅಂತಾರೆ. ಎಷ್ಟು ಸರಿಯಾಗಿ ಕಂಡಿದ್ದಾರೆ! ಸ್ಪೇನಿನವರ ಕಣ್ಣಿಗೆ ಅದೇ ತೂತು ಆಲೂಗಡ್ಡೆಯಾಗಿ ಕಾಣಲಿಲ್ಲ, ಅವರು ಅದನ್ನು 'ತೊಮಾತೆ' ಅಂತಾರೆ, ಟೊಮೆಟೊ. ಅವರ ಹಿಮ್ಮಡಿ ಕೆಂಪಗಿರುತ್ತೋ ಏನೋ. ಇನ್ನು ಟೊಮೆಟೊ ವಿಚಾರ ಎತ್ತಿದರೆ ಅಷ್ಟೇ ಕಥೆ, ಮೆಕ್ಸಿಕೊ ನಗರದ ಮಾರುಕಟ್ಟೆಯಲ್ಲಿ ತೊಮಾತೆ ಕೊಡಿ ಅಂದರೆ ಸಿಪ್ಪೆ ಸುತ್ತಿದ ಹಸಿರು ಕಾಯಿ ಕೈಗಿಡುತ್ತಾರೆ. ಕೆಂಪು ಹಣ್ಣು ಬೇಕಾದರೆ 'ಹಿತೊಮಾತೆ' ಅನ್ನಬೇಕು. ಇದನ್ನು ಮಾತ್ರ ನಿಮ್ಮ ಮಗಳಿಗೆ ಈಗಲೇ ಹೇಳಬೇಡಿ, ಅವಳ ಪರೀಕ್ಷೆ ಮುಗಿಯಲಿ.